ಕೆರೆಗೂ ಒಬ್ಬ ಅಪ್ರೆಂಟಿಸ್ ಬೇಡವೇ?

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ದೊಡ್ಡ ಕೆರೆಗೆ ನೀರುಣಿಸಿ, ತುರುವೇಕೆರೆಯ ಸೀಮೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಸಾಗಿ ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಇಳಿಜಾರಿನಿಂದ ಬಯಲಿನ ಅಚ್ಚುಕಟ್ಟಿನವರೆಗೆ ಈ ಸೀಮೆಯ ತುಂಬ ಸಣ್ಣ ದೊಡ್ಡ ಕೆರೆಕಟ್ಟೆಗಳಿವೆ. ಕೆರೆಯ ವಿಸ್ತೀರ್ಣವೆಷ್ಟು, ಏರಿಯ ಉದ್ದವೆಷ್ಟು, ತೂಬುಗಳೆಷ್ಟು, ಅಚ್ಚುಕಟ್ಟು ಎಷ್ಟು ಎಂಬ ವಿವರಗಳು ಇಲಾಖೆಯ ಕಡತಗಳಲ್ಲಿ ದೊರೆಯುತ್ತವೆ. ಆದರೆ ಆ ತೂಬನ್ನು ಯಾವ ದಿನ ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾರ ಗದ್ದೆಗೆ ಮೊದಲು ಹಾಯಿಸಬೇಕು ಎಂಬುದನ್ನು ಬಲ್ಲವರು ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಅವರಿಂದ ಆ ವಿದ್ಯೆಯನ್ನು ಕಲಿಯುತ್ತಿರುವವರು ಯಾರು ಎಂಬ ಪ್ರಶ್ನೆಗೆ ಆ ಕಡತಗಳಲ್ಲಿ ಅಂಕಣವೇ ಇಲ್ಲ.

ಹೂಳು, ಒತ್ತುವರಿ, ಕೊಳಚೆ ನೀರು ಇವುಗಳ ಬಗೆಗೆ ಪರಿಸರ ಚಳವಳಿ ದಶಕಗಳಿಂದ ಮಾತನಾಡುತ್ತ ಬಂದಿದೆ, ಮಾತನಾಡಲೇಬೇಕು. ಆದರೆ ಕೆರೆ ಹಾಳಾಗುವುದಕ್ಕೆ ಇವುಗಳಷ್ಟೇ ದೊಡ್ಡದಾದ, ಕಣ್ಣಿಗೆ ಕಾಣದ ಇನ್ನೊಂದು ಕಾರಣವುಂಟು. ಕೆಲಸ ಬಲ್ಲವರಿಂದ ಕೆಲಸಕ್ಕೆ ಹೊಸಬರಾದವರಿಗೆ ತಿಳಿವಳಿಕೆ ದಾಟಿಹೋಗುತ್ತಿದ್ದ ದಾರಿ ಮುಚ್ಚಿಹೋಗಿದೆ. ಬೆಂಗಳೂರಿನ ಕಂಪನಿ ಕಚೇರಿಗಳಲ್ಲಿ ಈಚಿನ ವರ್ಷಗಳಲ್ಲಿ ‘ನಿರಂತರ ಕಲಿಕೆ’, ‘ಸಹೋದ್ಯೋಗಿಗಳ ಪರಸ್ಪರ ತರಬೇತಿ’ ಎಂಬ ಮಾತುಗಳು ಬಹಳ ಚಾಲ್ತಿಯಲ್ಲಿವೆ. ಅದಕ್ಕೆ ಹಣವೂ ಇದೆ, ಸಮಯವೂ ಇದೆ. ಒಟ್ಟಾಗಿ ದುಡಿಯದೆ ಒಂದು ದಿನವೂ ನಡೆಯಲಾರದ ಕೆರೆಗೆ, ಕಾಡಿಗೆ, ಹೊಲಕ್ಕೆ ಅಂಥದೊಂದು ಏರ್ಪಾಡು ಬೇಕೆಂದು ಯೋಚಿಸಿದವರು ಕಡಿಮೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳ ಇತಿಹಾಸವನ್ನು ಈ ಕಣ್ಣಿನಿಂದ ನೋಡಿದರೆ ಬೆಟ್ಟದ ಊರುಗಳವರೂ ವಿದ್ಯಾರ್ಥಿಗಳೂ ತಿಳಿಯಬೇಕಾದ ಸಂಗತಿಗಳು ಹಲವು ಇವೆ.

ಹಳೆಯ ಮೈಸೂರು ಸೀಮೆಯ ಕೆರೆಗಳನ್ನು ನಡೆಸಿದವನು ನೀರುಗಂಟಿ. ಮಳೆಗಾಲ ಮುಗಿಯುತ್ತಿದ್ದಂತೆ ಕೆರೆಯಲ್ಲಿ ನಿಂತ ನೀರನ್ನು ನೋಡಿ, ಈ ವರ್ಷ ಇಡೀ ಅಚ್ಚುಕಟ್ಟಿಗೆ ಭತ್ತ ಸಾಧ್ಯವೇ, ಅರ್ಧಕ್ಕೆ ಮಾತ್ರವೇ, ಅಥವಾ ರಾಗಿಯಂಥ ಕಡಿಮೆ ನೀರಿನ ಬೆಳೆಗೆ ಹೋಗಬೇಕೇ ಎಂದು ಊರಿನ ಹಿರಿಯರು ತೀರ್ಮಾನಿಸುವಾಗ ಅವನ ಮಾತಿಗೆ ಬೆಲೆಯಿತ್ತು. ತೂಬನ್ನು ಎತ್ತಿ ಇಳಿಸುವವನು ಅವನು. ಕಾಲುವೆಯ ಮೊದಲಲ್ಲಿರುವವನು ಹೆಚ್ಚು ನೀರು ಎಳೆದುಕೊಳ್ಳದಂತೆ, ಕೊನೆಯ ಗದ್ದೆ ಒಣಗದಂತೆ ಸರದಿಯನ್ನು ಕಾಯುವವನು ಅವನು. ರಾತ್ರಿ ಏರಿಯ ಮೇಲೆ ನಡೆದು, ಹೆಗ್ಗಣದ ಬಿಲವನ್ನೂ ಏಡಿಯ ಬಿಲವನ್ನೂ ಗುರುತಿಸಿ, ಏರಿಯ ಹಿಂಬದಿಯಲ್ಲಿ ಒಸರುವ ನೀರು ತಿಳಿಯಾಗಿದೆಯೇ ಕೆಂಪಾಗಿದೆಯೇ ಎಂದು ನೋಡುವವನೂ ಅವನೇ. ತಿಳಿಯಾದ ಒಸರು ಸಾಮಾನ್ಯ. ಮಣ್ಣು ಬೆರೆತ ಒಸರು ಬಂದರೆ ಏರಿಯ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಅರ್ಥ. ಅದನ್ನು ಕಂಡೊಡನೆ ಊರನ್ನು ಎಬ್ಬಿಸಬೇಕಾಗಿತ್ತು.

ಈ ವಿದ್ಯೆ ಪುಸ್ತಕದಲ್ಲಿ ಇರಲಿಲ್ಲ. ತಂದೆಯ ಜತೆಯಲ್ಲಿ ಹತ್ತು ಹನ್ನೆರಡರ ವಯಸ್ಸಿನಿಂದ ಏರಿಯ ಮೇಲೆ ನಡೆದ ಹುಡುಗ, ಒಂದು ವರ್ಷ ಕೋಡಿ ಬಿದ್ದುದನ್ನು ನೋಡಿ, ಮತ್ತೊಂದು ವರ್ಷ ಬರ ಬಂದು ಸರದಿಗಾಗಿ ಜಗಳವಾದುದನ್ನು ನೋಡಿ, ಮೂರನೆಯ ವರ್ಷ ತಾನೇ ತೂಬಿಗೆ ಇಳಿದು ಕಲಿಯುತ್ತಿದ್ದ. ಕೆರೆಯೊಂದರ ಸ್ವಭಾವ ಒಂದು ಮಳೆಗಾಲದಲ್ಲಿ ತಿಳಿಯುವಂಥದಲ್ಲ. ತುಂಬಿದ ವರ್ಷದ ಕೆಲಸ ಬೇರೆ, ಅರೆತುಂಬಿದ ವರ್ಷದ ಕೆಲಸ ಬೇರೆ, ಒಣಗಿದ ವರ್ಷದ ಕೆಲಸ ಬೇರೆ. ಇವೆಲ್ಲವನ್ನೂ ಬಲ್ಲವನ ಪಕ್ಕದಲ್ಲಿ ನಿಂತು ನೋಡುವುದೇ ಪಾಠ. ತಪ್ಪು ಮಾಡಿದಾಗ ಅಲ್ಲಿಯೇ ತಿದ್ದುವವನು ಇದ್ದನು. ತಿದ್ದಿಸಿಕೊಂಡವನು ಮುಂದೆ ಇನ್ನೊಬ್ಬನನ್ನು ತಿದ್ದುತ್ತಿದ್ದನು.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳುವುದು ಸಲ್ಲದು. ನೀರುಗಂಟಿಯ ಕೆಲಸ ಜಾತಿಗೆ ಕಟ್ಟಿಹಾಕಿದ ಕೆಲಸವಾಗಿತ್ತು. ಬಹಳಷ್ಟು ಊರುಗಳಲ್ಲಿ ಅದನ್ನು ಮಾಡಿದವರು ದಲಿತ ಕುಟುಂಬಗಳವರು. ಊರಿನ ಎಲ್ಲ ಗದ್ದೆಗಳಿಗೂ ನೀರು ಹಾಯಿಸಿದ ಕೈಗೆ ಊರಿನ ಬಾವಿಯ ನೀರನ್ನು ಮುಟ್ಟುವ ಹಕ್ಕು ಇರಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಪಡೆಯುವ ಕಾಳಿನ ಆಯವೇ ಕೂಲಿ. ಮಗನು ಬೇರೆ ಕೆಲಸ ಬಯಸಿದರೂ ಬಿಡುವಂತಿರಲಿಲ್ಲ. ಬೇರೆಯವನ ಮಗನು ಈ ಕೆಲಸ ಕಲಿಯಬಯಸಿದರೂ ಕಲಿಯುವಂತಿರಲಿಲ್ಲ. ಹೆಣ್ಣುಮಕ್ಕಳಿಗಂತೂ ತೂಬಿನ ಕಡೆ ದಾರಿಯೇ ಇರಲಿಲ್ಲ. ವಿದ್ಯೆ ಗಟ್ಟಿಯಾಗಿತ್ತು, ಆದರೆ ಅದನ್ನು ದಾಟಿಸುತ್ತಿದ್ದ ಏರ್ಪಾಡು ಅನ್ಯಾಯದ ಮೇಲೆ ನಿಂತಿತ್ತು.

ಆದ್ದರಿಂದ 1961ರಲ್ಲಿ ಅಂದಿನ ಮೈಸೂರು ರಾಜ್ಯವು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯನ್ನು ತಂದು ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿದ್ದು ನ್ಯಾಯವೇ ಆಗಿತ್ತು. 1963ರಲ್ಲಿ ಜಾರಿಗೆ ಬಂದ ಈ ಕಾಯ್ದೆ ಜನರನ್ನು ಹುಟ್ಟಿನ ಬಂಧನದಿಂದ ಬಿಡಿಸಿತು. ಆದರೆ ಬಂಧನದ ಜತೆಯಲ್ಲಿದ್ದ ಕೆಲಸವನ್ನು ಮುಂದೆ ಯಾರು ಕಲಿಯುತ್ತಾರೆ, ಯಾರು ಕಲಿಸುತ್ತಾರೆ, ಕಲಿಸುವ ದಿನದ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದನ್ನು ಯಾರೂ ಗೊತ್ತುಮಾಡಲಿಲ್ಲ. ಅದೇ 1961ರಲ್ಲಿ ದೇಶದ ಸಂಸತ್ತು ಇನ್ನೊಂದು ಕಾಯ್ದೆಯನ್ನು ಅಂಗೀಕರಿಸಿತು, ಅಪ್ರೆಂಟಿಸ್ ಕಾಯ್ದೆ. ಕಾರ್ಖಾನೆಯೊಳಗೆ ಹೊಸಬನು ಅನುಭವಿಯ ಪಕ್ಕದಲ್ಲಿ ನಿಂತು ಕಲಿಯಬೇಕು, ಕಲಿಯುವ ಕಾಲದಲ್ಲಿ ಅವನಿಗೆ ಶಿಷ್ಯವೇತನ ಸಿಗಬೇಕು ಎಂದು ಆ ಕಾಯ್ದೆ ಗೊತ್ತುಪಡಿಸಿತು. ಒಂದೇ ವರ್ಷದಲ್ಲಿ ಕಾರ್ಖಾನೆಗೆ ಶಿಷ್ಯವೃತ್ತಿಯ ಕಾನೂನು ಬಂತು. ಕೆರೆಗೆ ಇದ್ದ ಶಿಷ್ಯವೃತ್ತಿ ಹೋಯಿತು, ಅದರ ಜಾಗಕ್ಕೆ ನ್ಯಾಯವಾದ ಹೊಸದೊಂದು ಬರಲಿಲ್ಲ. ಈ ಸೀಮೆಯ ಕೆರೆಗಳ ಇಂದಿನ ಸ್ಥಿತಿಯ ಒಂದು ಬೇರು ಇಲ್ಲಿದೆ.

ಕಾರ್ಖಾನೆಯ ಕಲಿಕೆ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ತುಮಕೂರಿನವರು ದೂರ ಹೋಗಬೇಕಾಗಿಲ್ಲ. ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿದ್ದು ಕೂಡ 1961ರಲ್ಲಿಯೇ. 1978ರಲ್ಲಿ ತುಮಕೂರಿಗೂ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂತು. ಬರಿಗಣ್ಣಿಗೆ ಸರಿಯಾಗಿ ಕಾಣದ ತಿರುಪನ್ನು ಚಿಮುಟದಿಂದ ಎತ್ತಿ ಅದರ ಜಾಗದಲ್ಲಿ ಕೂರಿಸುವ ಕೆಲಸ ಅದು. ಕೈ ಎಷ್ಟು ಬಿಗಿಯಾಗಿರಬೇಕು, ಉಸಿರನ್ನು ಯಾವಾಗ ಹಿಡಿಯಬೇಕು ಎಂಬುದನ್ನು ಕರಿಹಲಗೆಯ ಮೇಲೆ ಬರೆದು ಕಲಿಸಲು ಬರುವುದಿಲ್ಲ. ಪಕ್ಕದ ಮೇಜಿನಲ್ಲಿ ಕುಳಿತವರ ಕೈಯನ್ನು ನೋಡಿ ಕಲಿಯಬೇಕು. ಗಡಿಯಾರದ ಜೋಡಣೆಯಲ್ಲಿ ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ದುಡಿದರು. ಗಡಿಯಾರವನ್ನು ಕಂಡರಿಯದ ಮನೆಗಳ ಮಕ್ಕಳು ಗಡಿಯಾರವನ್ನು ಮಾಡುವವರಾದರು. ಹುಟ್ಟನ್ನು ಕೇಳದೆ ಕಲಿಸಿದರೆ ಎಂಥ ಸೂಕ್ಷ್ಮವಾದ ವಿದ್ಯೆಯೂ ಯಾರ ಕೈಗೂ ಒಲಿಯುತ್ತದೆ ಎಂಬುದನ್ನು ಈ ನೆಲವೇ ಕಂಡಿದೆ.

ಆ ಕಾರ್ಖಾನೆ ಇಂದು ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ಗಡಿಯಾರ ಘಟಕಗಳನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಜಾಗ ಇಸ್ರೋ ಸಂಸ್ಥೆಯ ಪಾಲಾಯಿತು. ಮಾರುಕಟ್ಟೆ ಬದಲಾಯಿತು, ಆಡಳಿತ ಅದಕ್ಕೆ ತಕ್ಕಂತೆ ಬದಲಾಗಲಿಲ್ಲ. ಕಾರ್ಮಿಕರ ಕೈಯ ವಿದ್ಯೆಯೊಂದೇ ಕಾರ್ಖಾನೆಯನ್ನು ಉಳಿಸಲಾಗಲಿಲ್ಲ. ಕಲಿಕೆ ಎಲ್ಲಕ್ಕೂ ಮದ್ದು ಎಂದು ಹೇಳುವವರು ಈ ಸಂಗತಿಯನ್ನು ಮರೆಯಬಾರದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿ ನಿಂತಿದೆ. ದನಕರು ಮೇದ ಕಾವಲಿನ ನೆಲವನ್ನು ಬಿಟ್ಟುಕೊಟ್ಟ ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿಯಾಗಲಿ, ತುಮಕೂರಿನ ಬಳಿಯ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಾಗಲಿ ಯಾವ ಕೆಲಸಕ್ಕೆ ಸೇರುತ್ತಾರೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಕೆಲವೇ ತಿಂಗಳ ಗುತ್ತಿಗೆಯ ಮೇಲೆ ಬಂದುಹೋಗುವ ಹುಡುಗನಿಗೆ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ನಾಳೆ ಇರುತ್ತೇನೋ ಇಲ್ಲವೋ ಎಂಬ ಹುಡುಗನಿಗೆ ಕಲಿಯುವ ಮನಸ್ಸೂ ಬರುವುದಿಲ್ಲ. ಕಲಿಕೆಗೆ ಮೊದಲು ಬೇಕಾದುದು ಕೆಲಸದಲ್ಲಿ ನೆಲೆ.

ಯಂತ್ರಗಳಿಗಿಂತ ಬಹಳ ಮೊದಲೇ, ಒಟ್ಟಾಗಿ ದುಡಿಯುತ್ತ ಒಬ್ಬರಿಂದೊಬ್ಬರು ಕಲಿಯುವ ದೊಡ್ಡದೊಂದು ಶಾಲೆ ಗುಬ್ಬಿಯಲ್ಲಿಯೇ ಹುಟ್ಟಿತ್ತು. 1884ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಮೇಲುನೋಟಕ್ಕೆ ಊರೂರು ತಿರುಗುವ ನಾಟಕ ಮಂಡಳಿ. ಒಳಗೆ ನೋಡಿದರೆ ನೂರಾರು ಜನರ ದುಡಿಮೆಯ ಮನೆ. ಬಾಲಕನಾಗಿ ಕಂಪನಿಗೆ ಸೇರಿದ ವೀರಣ್ಣನವರು ಸಣ್ಣ ಪಾತ್ರಗಳಿಂದ ಬೆಳೆದು ಕಂಪನಿಯ ಒಡೆಯರಾದರು. ಪರದೆ ಎಳೆಯುವುದು, ಬಣ್ಣ ಹಚ್ಚುವುದು, ದೀಪ ನೋಡಿಕೊಳ್ಳುವುದು, ಹಾಡಿಗೆ ಶ್ರುತಿ ಹಿಡಿಯುವುದು, ಪಕ್ಕದ ಪರದೆಯ ಮರೆಯಲ್ಲಿ ನಿಂತು ಮರೆತ ಮಾತನ್ನು ನೆನಪಿಸುವುದು - ಇವೆಲ್ಲ ಅಲ್ಲಿ ಮಾಡುತ್ತ ಕಲಿಯುವ ಕೆಲಸಗಳಾಗಿದ್ದವು. ಇಂದು ಒಂದು ಪಾತ್ರ ಮಾಡಿದವನು ನಾಳೆ ಅದೇ ಪಾತ್ರವನ್ನು ಹೊಸ ಹುಡುಗನಿಗೆ ಹೇಳಿಕೊಡಬೇಕು. ಇಲ್ಲವಾದರೆ ಒಬ್ಬನಿಗೆ ಜ್ವರ ಬಂದ ರಾತ್ರಿ ನಾಟಕ ನಿಂತುಹೋಗುತ್ತದೆ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಅವರಂಥವರು ಈ ಶಾಲೆಯಲ್ಲಿ ಪಳಗಿದರು. ಬಾಲಕನಾಗಿದ್ದಾಗ ಈ ಕಂಪನಿಗೆ ಬಂದ ಬಿ.ವಿ. ಕಾರಂತರನ್ನು ವೀರಣ್ಣನವರು ಕಾಶಿಗೆ ಕಳುಹಿಸಿ ಓದಿಸಿದರು. ಆ ಕಾರಂತರು 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾಗಿ ಮತ್ತೊಂದು ತಲೆಮಾರಿಗೆ ರಂಗಭೂಮಿಯನ್ನು ಕಲಿಸಿದರು. ಒಬ್ಬ ಕೆಲಸಗಾರನ ಕಲಿಕೆಗೆ ಹಾಕಿದ ಹಣ ಕಂಪನಿಗೆ ಮರಳದಿದ್ದರೂ ನಾಡಿಗೆ ಮರಳಿತು.

ಗುಬ್ಬಿ ಕಂಪನಿಯಲ್ಲಿ ಕಲಿಸುವುದು ಕೆಲಸದ ಹೊರಗಿನ ಉಪಕಾರವಾಗಿರಲಿಲ್ಲ. ಕಲಿಸದಿದ್ದರೆ ಆ ರಾತ್ರಿಯ ಆಟವೇ ಇಲ್ಲ. ಕಲಿಕೆ ದುಡಿಮೆಯ ಅಂಗವಾಗಿದ್ದ ಕಡೆ ಅದು ಬಾಳುತ್ತದೆ. ದುಡಿಮೆಗೆ ಹೊರಗಿನಿಂದ ಅಂಟಿಸಿದ ಕಡೆ ಉದುರಿಹೋಗುತ್ತದೆ. ಈ ಮಾತಿಗೆ ಕೆರೆಗಳ ಈಚಿನ ಚರಿತ್ರೆಯೇ ಸಾಕ್ಷಿ.

ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆಯೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯಲಾಗುತ್ತದೆ. ಅವನ್ನು ಮತ್ತೆ ಊರಿನವರ ಕೈಗೆ ಒಪ್ಪಿಸಬೇಕೆಂಬ ಉದ್ದೇಶದಿಂದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ, ವಿಶ್ವಬ್ಯಾಂಕಿನ ನೆರವಿನೊಡನೆ, 2002ರಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಆರಂಭವಾಯಿತು. ತುಮಕೂರು ಜಿಲ್ಲೆಯೂ ಅದರಲ್ಲಿ ಸೇರಿತ್ತು. ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಹೂಳು ತೆಗೆಯುವುದು, ಏರಿ ಬಲಪಡಿಸುವುದು, ತೂಬು ದುರಸ್ತಿ ಇವುಗಳ ಜತೆಗೆ ಸಂಘದ ಸದಸ್ಯರಿಗೆ ತರಬೇತಿಯೂ ನಡೆಯಿತು. ಲೆಕ್ಕ ಬರೆಯುವುದನ್ನು, ಸಭೆ ನಡೆಸುವುದನ್ನು ಹಲವರು ಕಲಿತರು. ಕೆಲವು ಊರುಗಳಲ್ಲಿ ಸಂಘಗಳು ಚೆನ್ನಾಗಿಯೇ ನಡೆದವು. ಯೋಜನೆಯ ಅವಧಿ ಮುಗಿದು ಹಣದ ಹರಿವು ನಿಂತ ಮೇಲೆ ಬಹಳಷ್ಟು ಸಂಘಗಳು ಸೊರಗಿದವು. 2014ರಲ್ಲಿ ರಾಜ್ಯವು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯನ್ನು ಮಾಡಿತು. ಕಾಯ್ದೆಯಿಂದ ಗಡಿ ಕಲ್ಲು ನೆಡಬಹುದು, ಒತ್ತುವರಿ ತೆರವು ಮಾಡಬಹುದು. ತೂಬಿನ ಬಳಿ ನಿಲ್ಲುವ ಮನುಷ್ಯನನ್ನು ತಯಾರು ಮಾಡಲು ಆಗುವುದಿಲ್ಲ.

ತರಬೇತಿ ಶಿಬಿರಗಳಿಂದ ಈ ಕೆಲಸ ಏಕೆ ಆಗುವುದಿಲ್ಲ? ಶಿಬಿರ ನಡೆಯುವುದು ಸಭಾಂಗಣದಲ್ಲಿ, ಬೇಸಿಗೆಯ ಎರಡು ಮೂರು ದಿನ. ಕೆರೆಯ ಪ್ರಶ್ನೆಗಳು ಏಳುವುದು ಏರಿಯ ಮೇಲೆ, ಕಾರ್ತಿಕದ ಮಳೆಯ ನಡುರಾತ್ರಿ. ಶಿಬಿರದಲ್ಲಿ ಕಲಿಸುವವರು ಹೊರಗಿನವರು, ಮತ್ತೆ ಸಿಗದವರು; ಸಂಶಯ ಬಂದಾಗ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಶಿಬಿರಕ್ಕೆ ಕಳುಹಿಸುವುದು ಸಂಘದ ಅಧ್ಯಕ್ಷರನ್ನು, ಕಾರ್ಯದರ್ಶಿಯನ್ನು. ತೂಬಿಗೆ ಇಳಿಯುವವನು ಬೇರೊಬ್ಬ. ಅಧಿಕಾರಾವಧಿ ಮುಗಿದು ಪದಾಧಿಕಾರಿಗಳು ಬದಲಾದಾಗ ಕಲಿತುದೂ ಅವರೊಡನೆ ಮನೆಗೆ ಹೋಗುತ್ತದೆ. ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ಒಂದು ಮಟ್ಟವನ್ನು ಮೀರಿದೊಡನೆ ತಾನಾಗಿಯೇ ಹೊರಹರಿಸುವ ಸೈಫನ್ ವ್ಯವಸ್ಥೆಯಿದೆ; ಮೈಸೂರು ಸಂಸ್ಥಾನದ ಎಂಜಿನಿಯರುಗಳ ಜಾಣ್ಮೆಗೆ ಅದೊಂದು ಗುರುತು. ಅಣೆಕಟ್ಟೆಯ ಹೆಚ್ಚುವರಿ ನೀರನ್ನು ಯಂತ್ರವಿನ್ಯಾಸ ನೋಡಿಕೊಳ್ಳಬಲ್ಲದು. ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪಿತೇ ಎಂಬುದನ್ನು ನೋಡಲು ಅಲ್ಲಿಯೂ ಮನುಷ್ಯನೇ ಬೇಕು, ಅವನಿಗೆ ಅದನ್ನು ಯಾರಾದರೂ ಕಲಿಸಿರಲೇಬೇಕು.

ಕೆಲಸದ ನಡುವೆಯೇ ಕಲಿಯುವ ಏರ್ಪಾಡನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದ ನಿದರ್ಶನ ಇಂಡೋನೇಷ್ಯಾದ್ದು. ಅಲ್ಲಿ ಕೀಟನಾಶಕವನ್ನು ಸುರಿದಷ್ಟೂ ಭತ್ತದ ಕಂದು ಜಿಗಿಹುಳುವಿನ ಕಾಟ ಹೆಚ್ಚುತ್ತಿತ್ತು. ಹುಳುವನ್ನು ತಿನ್ನುವ ಜೇಡಗಳೂ ಇತರ ಮಿತ್ರಕೀಟಗಳೂ ವಿಷಕ್ಕೆ ಮೊದಲು ಬಲಿಯಾಗುತ್ತಿದ್ದುದೇ ಕಾರಣ. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ನಿಷೇಧದಿಂದ ಮಾತ್ರ ರೈತರಿಗೆ ಬೇರೆ ದಾರಿ ತಿಳಿಯುವುದಿಲ್ಲವೆಂದು 1989ರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಡನೆ ರೈತರ ಕ್ಷೇತ್ರ ಪಾಠಶಾಲೆಗಳನ್ನು ಆರಂಭಿಸಿತು. ಸುಮಾರು ಇಪ್ಪತ್ತೈದು ರೈತರು ವಾರಕ್ಕೊಮ್ಮೆ, ನಾಟಿಯಿಂದ ಕೊಯ್ಲಿನವರೆಗೆ, ಒಂದೇ ಗದ್ದೆಯಲ್ಲಿ ಸೇರುವುದು. ಗಿಡಗಳನ್ನು ಎಣಿಸಿ, ಹುಳುಗಳನ್ನು ನೋಡಿ, ಕಂಡದ್ದನ್ನು ಚಿತ್ರ ಬರೆದು, ತಮ್ಮತಮ್ಮಲ್ಲಿ ಚರ್ಚಿಸಿ, ಈ ವಾರ ಏನು ಮಾಡಬೇಕೆಂದು ತಾವೇ ನಿರ್ಧರಿಸುವುದು. ಹೀಗೆ ಕಲಿತವರಲ್ಲಿ ಹಲವರು ಮುಂದೆ ಪಕ್ಕದ ಊರುಗಳಲ್ಲಿ ಕಲಿಸುವವರಾದರು. ಕರ್ನಾಟಕದಲ್ಲಿಯೂ ರೈತರೇ ರೈತರಿಗೆ ಕಲಿಸಿದ ಉದಾಹರಣೆಯುಂಟು. 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟು, ತೋಟದಲ್ಲಿ ದುಡಿಯುವವನ ಅನುಭವವನ್ನು ಅವನ ಮಾತಿನಲ್ಲಿಯೇ ಇನ್ನೊಬ್ಬ ತೋಟಗಾರನಿಗೆ ತಲುಪಿಸಿತು.

ಬೆಟ್ಟದ ಊರುಗಳಿಗೆ ಈ ಮಾತು ಕೆರೆಗೆ ಮಾತ್ರ ಸಂಬಂಧಿಸಿದ್ದಲ್ಲ. ಬೇಸಿಗೆ ಬಂತೆಂದರೆ ದೇವರಾಯನದುರ್ಗದ ಕಾಡಿಗೂ ಸುತ್ತಲಿನ ಬೆಟ್ಟಗಳಿಗೂ ಬೆಂಕಿಯ ಭಯ. ಬೆಂಕಿರೇಖೆಯನ್ನು ಹುಲ್ಲು ಪೂರ್ತಿ ಒಣಗುವ ಮೊದಲೇ ಕಡಿದು ಸುಟ್ಟು ತೆರವು ಮಾಡಬೇಕು. ಗಾಳಿ ಮಧ್ಯಾಹ್ನ ಯಾವ ಕಡೆಗೆ ತಿರುಗುತ್ತದೆ, ಬೆಂಕಿ ಇಳಿಜಾರನ್ನು ಏರುವಾಗ ಎಷ್ಟು ಬೇಗ ಏರುತ್ತದೆ, ಹಸಿ ಸೊಪ್ಪಿನಿಂದ ಬಡಿಯುವಾಗ ಯಾವ ಬದಿಯಲ್ಲಿ ನಿಲ್ಲಬೇಕು, ಯಾವಾಗ ಬಿಟ್ಟು ಓಡಬೇಕು ಎಂಬುದನ್ನು ಬಲ್ಲ ಹಳೆಯ ಕಾವಲುಗಾರರು ಕಾಡಂಚಿನ ಊರುಗಳಲ್ಲಿದ್ದಾರೆ. ಆದರೆ ಬೆಂಕಿ ಕಾವಲಿಗೆ ಜನರನ್ನು ಬೇಸಿಗೆಯ ಕೆಲವು ತಿಂಗಳ ಮಟ್ಟಿಗೆ ಮಾತ್ರ ತೆಗೆದುಕೊಂಡರೆ, ಮಳೆ ಬೀಳುತ್ತಿದ್ದಂತೆ ಅವರು ಚದುರಿಹೋಗುತ್ತಾರೆ; ಮರುವರ್ಷ ಹೊಸ ಮುಖಗಳು. 1993ರಲ್ಲಿ ರಾಜ್ಯ ಸರ್ಕಾರದ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಬಂದಾಗ ಈ ಅನುಭವವನ್ನು ಒಟ್ಟುಗೂಡಿಸುವ ಅವಕಾಶವಿತ್ತು. ಸಮಿತಿಗಳು ಉಳಿದಿರುವ ಕಡೆ ಇಂದಿಗೂ ಇದೆ. ಬೆಂಕಿಯ ಮುಂದೆ ಪಾಠ ಕಲಿಯದ ಹುಡುಗನನ್ನು ನಿಲ್ಲಿಸುವುದು ಅವನ ಪ್ರಾಣದೊಡನೆ ಆಡುವ ಆಟ.

ಒಂದು ಆಕ್ಷೇಪಣೆಯನ್ನು ಇಲ್ಲಿ ಎದುರಿಸಬೇಕು. ಜತೆಗಾರರಿಂದ ಕಲಿಯುವಾಗ ಒಳ್ಳೆಯದು ಮಾತ್ರ ದಾಟಿಬರುವುದಿಲ್ಲ, ತಪ್ಪುಗಳೂ ಬರುತ್ತವೆ. ಬರಿಗೈಯಲ್ಲಿ ಕೀಟನಾಶಕ ಕಲಸುವುದನ್ನು ಒಬ್ಬನಿಂದ ಒಬ್ಬನು ನೋಡಿ ಕಲಿತದ್ದೇ ಹೆಚ್ಚು. ಕೊಳವೆಬಾವಿ ಬತ್ತಿದಾಗ ಪಕ್ಕದಲ್ಲಿಯೇ ಇನ್ನೂ ಆಳವಾಗಿ ಇನ್ನೊಂದು ಕೊರೆಸುವುದು ಕೂಡ ನೆರೆಯವನಿಂದ ಕಲಿತ ಪಾಠವೇ. ‘ಹಿಂದಿನಿಂದ ಹೀಗೆಯೇ ನಡೆದುಬಂದಿದೆ’ ಎಂಬ ಮಾತಿನ ಮರೆಯಲ್ಲಿ ಜಾತಿಯೂ ಗಂಡಾಳಿಕೆಯೂ ಸುಲಭವಾಗಿ ಅಡಗಿ ಕೂರುತ್ತವೆ. ಆದ್ದರಿಂದ ಪರಸ್ಪರ ಕಲಿಕೆಗೆ ಪ್ರಶ್ನೆ ಕೇಳುವ ಹಕ್ಕು ಸೇರಿರಲೇಬೇಕು. ಹೊಸಬನು ಹಳಬನನ್ನು ಏಕೆ ಎಂದು ಕೇಳಬೇಕು. ಇಬ್ಬರೂ ಸೇರಿ ಎಂಜಿನಿಯರನ್ನೂ ಕೃಷಿ ವಿಜ್ಞಾನಿಯನ್ನೂ ಕೇಳಬೇಕು. ಅವರು ಹೇಳಿದ್ದನ್ನು ತಮ್ಮ ಗದ್ದೆಯಲ್ಲಿ ಒರೆಗೆ ಹಚ್ಚಬೇಕು. ಇಂಡೋನೇಷ್ಯಾದ ಗದ್ದೆಗಳಲ್ಲಿ ನಡೆದುದು ಇದೇ: ರೈತರು ವಿಜ್ಞಾನವನ್ನು ನಂಬಿದ್ದರಿಂದ ಕಲಿಯಲಿಲ್ಲ, ಅದನ್ನು ತಾವೇ ನೋಡಿ ಪರೀಕ್ಷಿಸಿದ್ದರಿಂದ ಕಲಿತರು.

ಈ ಕಲಿಕೆಯಿಲ್ಲದ ಬೆಲೆಯನ್ನು ಜಿಲ್ಲೆ ಈಚೆಗೆ ಕಂಡಿದೆ. ಹೇಮಾವತಿಯ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯ ವಿರುದ್ಧ 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರುಗಳಲ್ಲಿ ದೊಡ್ಡ ಪ್ರತಿಭಟನೆಗಳಾದವು. ತಮ್ಮ ಪಾಲಿನ ನೀರು ಕೊನೆಯವರೆಗೆ ತಲುಪುವುದಿಲ್ಲವೆಂಬುದು ಕುಣಿಗಲ್ಲಿನವರ ದೂರು. ತಮ್ಮ ಕೆರೆಗಳು ಬರಿದಾಗುತ್ತವೆಂಬುದು ಗುಬ್ಬಿಯವರ ಭಯ. ಎರಡರಲ್ಲಿಯೂ ಹುಸಿಯಿಲ್ಲ. ಕಾಲುವೆಯ ಮೊದಲಲ್ಲಿರುವವನಿಗೂ ಕೊನೆಯಲ್ಲಿರುವವನಿಗೂ ನಡುವಿನ ಜಗಳ ಒಂದು ಕೆರೆಯಷ್ಟೇ ಹಳೆಯದು. ಅದನ್ನು ಸರದಿಯಿಂದ ಬಗೆಹರಿಸುವುದನ್ನು ನೀರುಗಂಟಿಗಳು ಬಲ್ಲವರಾಗಿದ್ದರು. ಅದೇ ಪ್ರಶ್ನೆ ತಾಲ್ಲೂಕುಗಳ ಮಟ್ಟಕ್ಕೆ ಬೆಳೆದಾಗ ಮಾತನಾಡಿದವರು ರಾಜಕಾರಣಿಗಳು, ಅಧಿಕಾರಿಗಳು, ಪೊಲೀಸರು. ಎರಡು ತಾಲ್ಲೂಕುಗಳ ನೀರು ಹಾಯಿಸುವವರು ಒಂದೆಡೆ ಕುಳಿತು, ಯಾವ ತಿಂಗಳು ಎಷ್ಟು ನೀರು ಎಲ್ಲಿಗೆ ಬಂತೆಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ವೇದಿಕೆಯೇ ಇರಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿ ಕೆರೆಗೂ ಅಪ್ರೆಂಟಿಸ್ ಬೇಕು. ಊರಿನಲ್ಲಿ ಕೆರೆಯ ಕೆಲಸ ಬಲ್ಲ ಹಿರಿಯರೊಬ್ಬರ ಜತೆಯಲ್ಲಿ ಇಬ್ಬರು ಯುವಕ ಯುವತಿಯರು, ಯಾವ ಜಾತಿಯವರೇ ಆಗಿರಲಿ, ಕನಿಷ್ಠ ಮೂರು ಮಳೆಗಾಲ ದುಡಿಯಬೇಕು. ಎರಡನೆಯದಾಗಿ, ಕಲಿಯುವವರಿಗೂ ಕಲಿಸುವವರಿಗೂ ಆ ದಿನಗಳ ಕೂಲಿ ಸಿಗಬೇಕು. ಕಾರ್ಖಾನೆಯ ಅಪ್ರೆಂಟಿಸಿಗೆ ಶಿಷ್ಯವೇತನ ಕೊಡುವ ನಾಡಿನಲ್ಲಿ ಇದು ಹೊಸ ತತ್ವವೇನೂ ಅಲ್ಲ; ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಇದಕ್ಕೊಂದು ಸಾಲು ಸೇರಬೇಕೆಂದು ಗ್ರಾಮಸಭೆ ಒತ್ತಾಯಿಸಬಹುದು. ವಿದ್ಯೆಯನ್ನು ಪುಕ್ಕಟೆಯಾಗಿ ಕೇಳುವುದು ನೀರುಗಂಟಿ ಕುಟುಂಬಗಳಿಗೆ ಹಿಂದೆ ಆದ ಅನ್ಯಾಯವನ್ನೇ ಮುಂದುವರಿಸಿದಂತೆ.

ಮೂರನೆಯದಾಗಿ, ಕೆರೆ ಸಂಘದ ಸಭೆ ತಿಂಗಳಿಗೊಮ್ಮೆ ತೂಬಿನ ಬಳಿಯೇ ನಡೆಯಬೇಕು. ಆ ತಿಂಗಳು ಮಾಡಿದ ಕೆಲಸವನ್ನು ಮಾಡಿದವರೇ ತೋರಿಸಿ, ಆದ ತಪ್ಪನ್ನು ನಾಚಿಕೆಯಿಲ್ಲದೆ ಹೇಳುವ, ಕೇಳಿದವರು ಹಂಗಿಸದೆ ತಿದ್ದುವ ರೂಢಿ ಬೆಳೆಯಬೇಕು. ನಾಲ್ಕನೆಯದಾಗಿ, ಪ್ರತಿ ಕೆರೆಗೂ ಒಂದು ದಪ್ಪ ನೋಟುಬುಕ್ಕು ಇರಲಿ: ಮಳೆ ಬಿದ್ದ ದಿನ, ನೀರಿನ ಮಟ್ಟ, ತೂಬು ಎತ್ತಿದ ದಿನ, ಕೊನೆಯ ಗದ್ದೆಗೆ ನೀರು ತಲುಪಿದ ದಿನ. ಇದನ್ನು ಬರೆಯಲು ಊರಿನ ಪ್ರೌಢಶಾಲೆಯ ಮಕ್ಕಳಿಗಿಂತ ತಕ್ಕವರಿಲ್ಲ. ಬರೆಯುತ್ತ ಅವರೂ ಕಲಿಯುತ್ತಾರೆ. ಐದನೆಯದಾಗಿ, ವರ್ಷಕ್ಕೆರಡು ಬಾರಿಯಾದರೂ ಗುಬ್ಬಿಯ ಕೆರೆಯವರು ಕುಣಿಗಲ್ಲಿಗೆ, ಕುಣಿಗಲ್ಲಿನವರು ಗುಬ್ಬಿಗೆ ಹೋಗಿ ಒಬ್ಬರ ಏರಿಯನ್ನು ಇನ್ನೊಬ್ಬರು ನಡೆದು ನೋಡಬೇಕು. ಹೊರಗಿನವನ ಕಣ್ಣಿಗೆ ಬೀಳುವ ಬಿರುಕು ದಿನವೂ ನೋಡುವವನ ಕಣ್ಣಿಗೆ ಬೀಳದಿರಬಹುದು.

ಪದವಿ ಓದುತ್ತಿರುವ, ನಾಳೆ ಕಾರ್ಖಾನೆಗೋ ಕಚೇರಿಗೋ ಹೋಗಲಿರುವ ವಿದ್ಯಾರ್ಥಿಗಳೂ ಈ ಮಾತನ್ನು ತಮ್ಮದೆಂದು ಕೇಳಿಸಿಕೊಳ್ಳಬೇಕು. ಸೇರಿದ ಕಡೆಯಲ್ಲಿ ಅನುಭವಿಯನ್ನು ಕೇಳಲು ಹಿಂಜರಿಯದಿರುವುದು, ತಾನು ಕಲಿತದ್ದನ್ನು ಪಕ್ಕದವನಿಂದ ಬಚ್ಚಿಡದಿರುವುದು, ಗುತ್ತಿಗೆಯ ಕೆಲಸಗಾರನಿಗೂ ಕಲಿಯುವ ಹಕ್ಕಿದೆಯೆಂದು ಸಂಘದಲ್ಲಿ ದನಿಯೆತ್ತುವುದು - ಇವು ಬೆಟ್ಟದ ಊರಿನಿಂದ ಒಯ್ಯಬಹುದಾದ ಒಳ್ಳೆಯ ಬುತ್ತಿ.

ಕೆರೆಯ ಕೆಲಸ ಬಲ್ಲ ಹಿರಿಯರಲ್ಲಿ ಹಲವರಿಗೆ ಎಪ್ಪತ್ತು ದಾಟಿದೆ. ಹೂಳು ತುಂಬಿದ ಕೆರೆಯನ್ನು ಇಪ್ಪತ್ತು ವರ್ಷ ಬಿಟ್ಟು ತೆಗೆದರೂ ಕೆರೆ ಕೆರೆಯಾಗಿಯೇ ಸಿಗುತ್ತದೆ. ಅವರಿಂದ ಕೇಳದೆ ಬಿಟ್ಟದ್ದು ಹಾಗೆ ಸಿಗುವುದಿಲ್ಲ. ಪ್ರತಿ ಊರಿನಲ್ಲಿಯೂ ಈ ಮುಂಗಾರಿಗೆ ಮೊದಲೇ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕು: ಕೆರೆಯ ಕೆಲಸ ಬಲ್ಲವರು ಯಾರು, ಅವರೊಡನೆ ಏರಿಯ ಮೇಲೆ ನಡೆಯಲು ಯಾರು ಸಿದ್ಧ, ಅವರಿಬ್ಬರ ದಿನಗೂಲಿ ಎಲ್ಲಿಂದ ಬರುತ್ತದೆ. ಮೂರಕ್ಕೂ ಹೆಸರು ಮತ್ತು ಮೊತ್ತದ ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾದ ದಿನ ಆ ಊರಿನ ಕೆರೆ ಉಳಿಸುವ ಕೆಲಸ ನಿಜವಾಗಿ ಶುರುವಾಯಿತೆಂದು ತಿಳಿಯಬಹುದು.